ಯಂತ್ರಕ್ಕೆ ಹಚ್ಚಿದ ‘ರಿ’

ನನಗೆ ಮೆದುಳಿದೆ ಎಂಬುದಕ್ಕೆ ದಾಖಲೆ ಇದೆ. ಹುಬ್ಬಳ್ಳಿಯ ಸ್ಕ್ಯಾನಿಂಗ್ ಸೆಂಟರೊಂದರವರು ಅದರ ಚಿತ್ರ ತೆಗೆದು, ಸಿ.ಡಿ.ಗೆ ಹಾಕಿ, ಲಕೋಟೆಯ ಮೇಲೆ ನನ್ನ ಹೆಸರು ಬರೆದು ಕೊಟ್ಟಿದ್ದಾರೆ. ಎಲ್ಲರ ಬಳಿಯೂ ಇಂಥ ದಾಖಲೆ ಇರುವುದಿಲ್ಲ. ನಮ್ಮ ಸ್ಟಾಫ್ ರೂಮಿನ ಕೆಲವರನ್ನು ನೋಡಿದರೆ ಕೇಳುವುದಕ್ಕೂ ಧೈರ್ಯ ಬರುವುದಿಲ್ಲ. ಆದರೆ ಇದ್ದ ಮೆದುಳನ್ನು ಕಂಪ್ಯೂಟರಿನಲ್ಲಿ ತೆರೆಯಲು ಹೋಗಿ ನಾನು ಮೂರು ದಿನ ಪಟ್ಟ ಪಾಡನ್ನು ಕಂಡವರಿಗೆ ಆ ದಾಖಲೆಯ ಮೇಲೇ ಅನುಮಾನ ಬಂದಿರಬೇಕು.

ಧಾರವಾಡದ ಕಾಲೇಜೊಂದರಲ್ಲಿ ಮನಶ್ಶಾಸ್ತ್ರ ಕಲಿಸುವವಳು ನಾನು. ಮಕ್ಕಳ ಓದೆಲ್ಲ ಮುಗಿದು, ಇನ್ನು ಆರಾಮಾಗಿ ಇರಬಹುದು ಎಂಬ ವಯಸ್ಸಿನಲ್ಲಿ ಪಿಎಚ್.ಡಿ.ಗೆ ಹೆಸರು ಹಚ್ಚಿದೆ. ಮನೆಯಲ್ಲಿ ಒಂದು ಭಾಷೆ, ಓಣಿಯಲ್ಲಿ ಇನ್ನೊಂದು ಭಾಷೆ ಆಡುವವರ ಮೆದುಳಿನ ಹೊರಪದರ ದಪ್ಪಗಿರುತ್ತದೆಯೇ ಎಂಬುದು ನನ್ನ ಪ್ರಶ್ನೆ. ಮೊದಲ ಹಂತಕ್ಕೆ ಐದು ಜನರ ಸ್ಕ್ಯಾನ್ ಆಗಿತ್ತು. ಅದರಲ್ಲಿ ಮೊದಲನೆಯದು ನನ್ನದೇ, ಏಕೆಂದರೆ ಆ ಕೊಳವೆಯೊಳಗೆ ಮೊದಲು ಮಲಗಲು ಬೇರೆ ಯಾರೂ ಒಪ್ಪಲಿಲ್ಲ. ಕೊಟ್ಟ ಗಡುವು ಎರಡು ಸಲ ಮುಗಿದಿತ್ತು. ಬರುವ ಶುಕ್ರವಾರದ ಸಭೆಯಲ್ಲಿ ಒಂದಾದರೂ ಮೆದುಳಿನ ಅಳತೆ ತೋರಿಸದಿದ್ದರೆ ನೋಂದಣಿ ರದ್ದು ಎಂದು ಪತ್ರ ಬಂದಿತ್ತು. ನನಗೆ ಭಯವಾಗಿತ್ತು. ಪದವಿ ಕೈತಪ್ಪುತ್ತದೆ ಎಂದಲ್ಲ. ‘ಈ ವಯಸ್ಸಿನಾಗ ಇಕೀಗೆ ಯಾಕ ಬೇಕಿತ್ತು’ ಎಂದವರೆಲ್ಲ ಸರಿ, ನಾನೊಬ್ಬಳೇ ತಪ್ಪು ಎಂದಾಗುತ್ತದಲ್ಲ, ಆ ಭಯ.

ಮೆದುಳಿನ ಹೊರಪದರ ಅಳೆಯುವ ಸಾಫ್ಟ್‌ವೇರು ಪುಕ್ಕಟೆ ಸಿಗುತ್ತದೆ. ಪುಕ್ಕಟೆ ಎಂದು ಖುಷಿಪಟ್ಟು ಇಳಿಸಿಕೊಂಡ ಮೇಲೆ ತಿಳಿಯಿತು, ಅದಕ್ಕೆ ಒತ್ತಲು ಗುಂಡಿಗಳಿಲ್ಲ, ಚಿತ್ರಗಳಿಲ್ಲ. ಒಂದು ಕಪ್ಪು ಕಿಟಕಿ ತೆರೆದುಕೊಳ್ಳುತ್ತದೆ, ಅದರಲ್ಲಿ ಆಜ್ಞೆಗಳನ್ನು ಅಕ್ಷರ ಅಕ್ಷರವಾಗಿ ಟೈಪಿಸಬೇಕು. ಅದಕ್ಕೂ ಮೊದಲು ಅದರ ‘ಎನ್ವಿರಾನ್‌ಮೆಂಟ್’ ಸರಿಪಡಿಸಬೇಕಂತೆ. ಎನ್ವಿರಾನ್‌ಮೆಂಟ್ ಎಂದರೆ ಪರಿಸರ, ಪರಿಸರ ಎಂದರೆ ವರ್ಷಕ್ಕೊಮ್ಮೆ ಪ್ರಾಚಾರ್ಯರು ಅದೇ ಕುಣಿಯಲ್ಲಿ ಹೊಸ ಸಸಿ ನೆಟ್ಟು ಫೋಟೊ ತೆಗೆಸಿಕೊಳ್ಳುವುದು ಎಂದಷ್ಟೇ ತಿಳಿದಿದ್ದ ನನಗೆ ಇದು ಹೊಸದು. ಯಾವ ಸಾಮಾನು ಎಲ್ಲಿದೆ ಎಂದು ಸಾಫ್ಟ್‌ವೇರಿಗೆ ಮೊದಲೇ ಹೇಳಿಡುವ ವಿಳಾಸಗಳ ಪಟ್ಟಿಗೆ ಆ ಹೆಸರು. ಮೆದುಳಿನ ಚಿತ್ರ ಇಟ್ಟ ಫೋಲ್ಡರಿನ ವಿಳಾಸವನ್ನೂ ಹಾಗೆಯೇ ಹೇಳಬೇಕು. ಹೇಳದಿದ್ದರೆ ‘ಫೇಟಲ್ ಎರರ್’ ಎನ್ನುತ್ತದೆ. ಫೋಲ್ಡರ್ ಸಿಗದಿದ್ದಕ್ಕೆ ಮರಣದ ಮಾತು! ನನ್ನ ಯಜಮಾನರಿಗೆ ದಿನಾ ಕನ್ನಡಕ ಸಿಗುವುದಿಲ್ಲ, ಅವರು ಕೂಡ ಇಷ್ಟು ರಂಪ ಮಾಡುವುದಿಲ್ಲ.

ಸೋಮವಾರ ಬೆಳಗಿನಿಂದ ಆ ಸಾವಿನ ಸುದ್ದಿ ಓದಿ ಓದಿ ಸಾಕಾಗಿ ದಾವಲಸಾಬರಿಗೆ ಫೋನ್ ಮಾಡಿದೆ. ಹುಬ್ಬಳ್ಳಿಯ ಬೆಂಗೇರಿಯಲ್ಲಿ ಅವರದು ಕಂಪ್ಯೂಟರ್ ರಿಪೇರಿ ಅಂಗಡಿ. ಅರವತ್ತು ದಾಟಿದವರು. ರೇಡಿಯೊ, ಟಿ.ವಿ. ಎಲ್ಲವನ್ನೂ ಬಿಚ್ಚಿ ಮುಗಿಸಿ ಈಗ ಕಂಪ್ಯೂಟರಿಗೆ ಬಂದವರು. ಕಾಲೇಜಿನ ಲ್ಯಾಬು ಹೂಡಿಕೊಟ್ಟದ್ದು ಅವರೇ.

“ಮೆದುಳಿಂದು ನನಗ ಗೊತ್ತಿಲ್ರಿ ಅಕ್ಕಾರ,” ಎಂದರು. “ಮಷೀನ್ ಎದಕ್ಕ ಮುನಿಸ್ಕೊಂಡೈತಿ ಅನ್ನೋದು ಅಷ್ಟ ತಿಳೀತೈತ್ರಿ. ನಾ ಹೇಳ್ತೇನಿ, ನೀವು ಹೊಡೀರಿ.”

ಅವರು ಹೇಳಿದರು, ನಾನು ಹೊಡೆದೆ. “ಎಕ್ಸ್‌ಪೋರ್ಟ್ ರಿ. ಜಾಗಾ ಬಿಡ್ರಿ. ಸಬ್ಜೆಕ್ಟ್ಸ್ ರಿ. ಗೆರಿ ಹಾಕ್ರಿ. ಹುಬ್ಬಳ್ಳಿ ಧಾರವಾಡದ ನಡುವ ಬರ್ತೈತಲ್ರಿ, ಆ ಗೆರಿ ಅಲ್ಲ, ಕೆಳಗಿನ ಗೆರಿ. ಆಮ್ಯಾಗ ಡಿರ್ ರಿ.” ಎಲ್ಲ ಮುಗಿದ ಮೇಲೆ ನಾನು ಗಟ್ಟಿಯಾಗಿ ಓದಿ ಹೇಳಿದೆ, “ಸಬ್ಜೆಕ್ಟ್ಸ್, ಕೆಳಗಿನ ಗೆರಿ, ಡಿರ್ರಿ.” ಅವರು, “ಹೌದ್ರಿ, ಬರೋಬ್ಬರಿ ಐತ್ರಿ,” ಎಂದರು. ಸಾಫ್ಟ್‌ವೇರು ಮತ್ತೆ ಸತ್ತಿತು.

ಮಂಗಳವಾರವೂ ಇದೇ ಆಯಿತು. ಇಡೀ ಸಾಫ್ಟ್‌ವೇರನ್ನು ಕಿತ್ತು ಹೊಸದಾಗಿ ಹಾಕಿದೆ. ಮತ್ತೆ ದಾವಲಸಾಬರು ಹೇಳಿದರು, ಮತ್ತೆ ನಾನು ಓದಿದೆ, ಮತ್ತೆ ಅವರು ಬರೋಬ್ಬರಿ ಎಂದರು. ಪರದೆಯ ಫೋಟೊ ಕಳಿಸಲು ಹೇಳಿದರು, ಕಳಿಸಿದೆ. ಅದರಲ್ಲಿ ಅಕ್ಷರಗಳಿಗಿಂತ ಹಿಂದಿನ ಕಿಟಕಿ ಮತ್ತು ಫೋನ್ ಹಿಡಿದ ನನ್ನ ಗಾಬರಿಯ ಮುಖ ಸ್ಪಷ್ಟವಾಗಿ ಬಂದಿತ್ತು. ಯಜಮಾನರು ಚಹಾ ಕುಡಿಯುತ್ತ, “ಮೆದುಳಿನ ಸಾಫ್ಟ್‌ವೇರ್ ಐತಿ, ಮದಲ ಸ್ವಲ್ಪ ಮೆದುಳು ಹಾಕಿ ನೋಡು,” ಎಂದರು. ಅವರನ್ನು ಅಡುಗೆಮನೆಗೆ ಕಳಿಸಿದೆ. ಆದರೆ ಮಾತು ನಾಟಿತ್ತು. ನಿಜ ಹೇಳುತ್ತೇನೆ, ಆ ಸಂಜೆ ನನಗೆ ಅಳು ಬಂದಿತ್ತು. ಇಪ್ಪತ್ತೈದು ವರ್ಷ ಬುದ್ಧಿಯ ಬಗ್ಗೆ ಪಾಠ ಹೇಳಿದವಳಿಗೆ ತನ್ನ ಬುದ್ಧಿಯೇ ಖಾಲಿಯಾಗಿದೆ ಎಂದು ಖಾತ್ರಿಯಾದಂತಿತ್ತು.

ಬುಧವಾರ ಹೇಳದೆ ಕೇಳದೆ ದಾವಲಸಾಬರೇ ಬಸ್ಸು ಹತ್ತಿ ಧಾರವಾಡಕ್ಕೆ ಬಂದುಬಿಟ್ಟರು. ಬೂಟು ಬಾಗಿಲಲ್ಲಿ ಬಿಟ್ಟು, ಕನ್ನಡಕ ಏರಿಸಿ, ಪರದೆಗೆ ಮೂಗು ತಾಗುವಷ್ಟು ಬಗ್ಗಿ ನೋಡಿದರು.

“ಅಕ್ಕಾರ, ಡಿರ್ ಆದಮ್ಯಾಗ ಆರ್, ಐ ಯಾಕ ಹಾಕೀರ್ರಿ?”

“ನೀವ ಹೇಳಿದ್ರಲ್ಲಾ, ಡಿರ್ರಿ ಅಂತ?”

“ಡಿರ್ ಅಂದಿದ್ದೆನ್ರಿ! ರಿ ಅಂದಿದ್ದು ನಿಮಗ್ರಿ!”

‘ಎಕ್ಸ್‌ಪೋರ್ಟ್’, ‘ಸಬ್ಜೆಕ್ಟ್ಸ್’ ನನಗೆ ಗೊತ್ತಿದ್ದ ಇಂಗ್ಲಿಷು. ಅವುಗಳ ಬಾಲದ ‘ರಿ’ಯನ್ನು ನನಗೇ ಇಟ್ಟುಕೊಂಡಿದ್ದೆ. ಫೋಲ್ಡರಿಗೆ ಕಂಪ್ಯೂಟರಿನವರು ‘ಡಿರ್’ ಎನ್ನುತ್ತಾರೆಂದು ಕೇಳಿರಲಿಲ್ಲ. ಹೀಗಾಗಿ ‘ಡಿರ್ರಿ’ ಯಾವುದೋ ದೊಡ್ಡ ತಾಂತ್ರಿಕ ಶಬ್ದ ಎಂದು ಭಕ್ತಿಯಿಂದ ಟೈಪಿಸಿದ್ದೆ. ನಾನು ಓದಿ ಹೇಳಿದಾಗ ಅವರಿಗೆ ಕೇಳಿದ್ದು ಅವರಿಗೆ ಸಲ್ಲಬೇಕಾದ ಮರ್ಯಾದೆ. ಮೂರು ದಿನ ನಾವಿಬ್ಬರೂ ಒಬ್ಬರಿಗೊಬ್ಬರು ಗೌರವ ಕೊಡುತ್ತಿದ್ದೆವು, ಅದೆಲ್ಲ ಹೋಗಿ ಯಂತ್ರದ ಗಂಟಲಲ್ಲಿ ಸಿಕ್ಕಿಕೊಳ್ಳುತ್ತಿತ್ತು. ಯಂತ್ರ ಮಾತ್ರ ಪ್ರತಿ ಸಲವೂ ಬರೇ ‘ಡಿರ್ ಸಿಗಲಿಲ್ಲ’ ಎಂದೇ ಬರೆದಿತ್ತು. ಅದನ್ನು ಕಣ್ಣಾರೆ ಓದಿಯೂ, ಯಂತ್ರ ಅವಸರದಲ್ಲಿ ಅರ್ಧ ಬರೆದಿದೆ ಎಂದುಕೊಂಡಿದ್ದೆ.

ಈ ‘ರಿ’ ನಮ್ಮ ಕಡೆಯ ಗಾಳಿಯಲ್ಲೇ ಇದೆ. ವ್ಯಾಕರಣದವರು ಇದನ್ನು ಗೌರವಸೂಚಕ ಬಹುವಚನ ಎಂದು ಒಂದು ಸಾಲಿನಲ್ಲಿ ಮುಗಿಸುತ್ತಾರೆ. ಅವರು ನಮ್ಮ ಬಸ್ಸಿನಲ್ಲಿ ಓಡಾಡಿದವರಲ್ಲ. ಕಾಲು ತುಳಿದವನನ್ನು ನಾವು ‘ಕಣ್ಣು ಕಾಣಂಗಿಲ್ಲೇನ್ರಿ’ ಎಂದು ಬಯ್ಯುತ್ತೇವೆ, ಅವನು ‘ನಿಮಗ ಬುದ್ಧಿ ಐತೇನ್ರಿ’ ಎಂದು ತಿರುಗಿ ಬಯ್ಯುತ್ತಾನೆ. ಜಗಳ ಕೈಗೆ ಹೋಗುವ ತನಕ ಬಹುವಚನ ಬಿಡುವುದಿಲ್ಲ. ಬಾಗಿಲಿಗೆ ಬಂದ ಎಮ್ಮೆಗೆ ನಮ್ಮ ಅತ್ತೆ ‘ಸರೀರಿ ಅತ್ಲಾಗ’ ಎಂದದ್ದನ್ನು ನಾನೇ ಕೇಳಿದ್ದೇನೆ. ಎಮ್ಮೆ ಸರಿಯಿತು. ಕಂಪ್ಯೂಟರಿಗೆ ಅಷ್ಟು ಸಂಸ್ಕಾರ ಎಲ್ಲಿಂದ ಬರಬೇಕು?

ದಾವಲಸಾಬರು ಆ ಎರಡು ಅಕ್ಷರ ಅಳಿಸಿದರು. ಸಾಫ್ಟ್‌ವೇರು ಸಾಯಲಿಲ್ಲ. ಗುರುವಾರ ಮಧ್ಯಾಹ್ನದ ಹೊತ್ತಿಗೆ ನನ್ನ ಮೆದುಳಿನ ಒಂದೊಂದು ಮಡಿಕೆಯ ದಪ್ಪವನ್ನೂ ಮಿಲಿಮೀಟರಿನಲ್ಲಿ ಬರೆದು ಕೊಟ್ಟಿತು. ವಯಸ್ಸಿಗೆ ತಕ್ಕಂತೆ ಇದೆ. ಆ ಹಾಳೆಯನ್ನು ಮುದ್ರಿಸಿ, ಯಜಮಾನರ ಚಹಾದ ಕಪ್ಪಿನ ಕೆಳಗೆ ಇಟ್ಟೆ.

ಶುಕ್ರವಾರದ ಸಭೆಯಲ್ಲಿ ಹೊರಗಿನಿಂದ ಬಂದ ಹಿರಿಯ ಪ್ರಾಧ್ಯಾಪಕರೊಬ್ಬರು, “ಐದು ಮೆದುಳು ಅಂದಿದ್ರಿ, ಇಲ್ಲಿ ಒಂದ ಐತಲ್ಲರಿ?” ಎಂದರು. ಇಂಥ ಪ್ರಶ್ನೆಗೆಲ್ಲ ‘ಸರ್ವರ್ ಡೌನ್ ಇತ್ತು’ ಎನ್ನುವುದು ನಮ್ಮಲ್ಲಿ ವಾಡಿಕೆ, ಯಾರೂ ಮುಂದೆ ಕೇಳುವುದಿಲ್ಲ. ಬಾಯಿಯವರೆಗೆ ಬಂದಿತ್ತು. ಆದರೆ ಮೂರು ದಿನದ ಸಿಟ್ಟಿಗೋ ಏನೋ, ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಟ್ಟೆ. ಅವರು ಗಂಭೀರವಾಗಿ ಕೇಳಿದರು. ಎಮ್ಮೆಯ ತನಕ ಬಂದಾಗ ಟೇಬಲ್ ಹಿಡಿದುಕೊಂಡು ನಕ್ಕರು. “ಉಳಿದ ನಾಕಕ್ಕ ಆರು ತಿಂಗಳು ತಗೋರಿ. ಮತ್ತ ಕೇಳಬ್ಯಾಡ್ರಿ,” ಎಂದು ಸಹಿ ಹಾಕಿದರು.

ಹೊರಗೆ ಬಂದವಳೇ ದಾವಲಸಾಬರಿಗೆ ಫೋನ್ ಮಾಡಿ ಸುದ್ದಿ ಹೇಳಿದೆ. ಉಳಿದ ನಾಲ್ಕು ಮೆದುಳುಗಳು ಕಾಲೇಜಿನ ಲ್ಯಾಬಿನ ಕಂಪ್ಯೂಟರಿನಲ್ಲಿವೆ, ಅಲ್ಲಿ ಎಲ್ಲ ವಿಳಾಸವನ್ನೂ ಮೊದಲಿನಿಂದ ಬರೆಯಬೇಕು ಎಂದೆ. “ಈ ಸಲ ಯಂತ್ರಕ್ಕ ಹೇಳೂದನ್ನ ಹೇಳೂಮುಂದ ‘ರಿ’ ಬಿಟ್ಟು ಹೇಳ್ರಿ ಸಾಬರ, ನಾ ಏನೂ ತಪ್ಪು ತಿಳ್ಕೊಳ್ಳಂಗಿಲ್ಲ.”

“ಹೌದೌದ್ರಿ, ಹಂಗ ಮಾಡೂಣ್ರಿ,” ಎಂದರು. ಗಂಟಲು ಸರಿಮಾಡಿಕೊಂಡರು. “ಎಕ್ಸ್‌ಪೋರ್ಟ್...” ಎಂದು ನಿಂತರು. ನಾನು ಕಾದೆ. ಮತ್ತೊಮ್ಮೆ, “ಎಕ್ಸ್‌ಪೋರ್ಟ್...” ಎಂದರು. ಆ ಶಬ್ದವನ್ನು ಬಾಯಿಂದ ಬರಿಗಾಲಲ್ಲಿ ಹೊರಗೆ ಕಳಿಸಲು ಅವರು ಪಡುತ್ತಿದ್ದ ಕಷ್ಟ ನನಗೆ ಫೋನಿನಲ್ಲೇ ತಿಳಿಯುತ್ತಿತ್ತು.

“ಆಗವಲ್ದ್ರಿ ಅಕ್ಕಾರ,” ಎಂದರು ಕೊನೆಗೆ. “ಸೋಮವಾರ ನಾನ ಬಸ್ ಹತ್ತಿ ಬರ್ತೇನ್ರಿ.”