ಹೆಚ್ಚಿಗೆ ಬರೆದ ಒಂದು ತಲೆ

ನಮ್ಮ ನಾರಾಯಣಖೇಡ ತಾಲೂಕು ಆಂಧ್ರಪ್ರದೇಶಕ್ಕೆ ಸೇರಿ ಹದಿನೈದು ವರ್ಷದ ಹತ್ತಿರವಾಗಿತ್ತು. ಜನಗಣತಿ ಎಂದರೆ ಮಾಸ್ತರರೇ ಗತಿ. ಶಾಲೆ ಬಿಟ್ಟ ಮೇಲೆ ನಾನು ಮನೂರಿನ ಸುತ್ತಲ ಹಳ್ಳಿ ತಿರುಗುತ್ತಿದ್ದೆ. ಗೋಡೆ ಮಣ್ಣಿನದೋ ಕಲ್ಲಿನದೋ, ಮೇಲೆ ಮಾಳಿಗೆಯೋ ಹುಲ್ಲೋ, ಒಂದು ಒಲೆಯ ರೊಟ್ಟಿ ತಿನ್ನುವವರು ಎಷ್ಟು ಜನ, ಇಷ್ಟನ್ನೆಲ್ಲ ಕೇಳಿ ತೆಲುಗಿನ ಫಾರಂ ತುಂಬಬೇಕು. ನೀವು ಬರೆದದ್ದೇ ದೇಶದ ಲೆಕ್ಕ ಎಂದು ತರಬೇತಿಯಲ್ಲಿ ಸಾಹೇಬರು ಹೇಳಿದ್ದರು. ಆ ಮಾತು ನನ್ನ ತಲೆಗೇರಿತ್ತು.

ಅಂಥ ಒಂದು ಹಳ್ಳಿಯ ಕುರಿ ಕಾಯುವವರ ಓಣಿಯಲ್ಲಿ ಲೆಕ್ಕ ಯಾವಾಗಲೂ ಒಂದು ಕಡಿಮೆ ಬರುತ್ತಿತ್ತು. ಕುರಿಯಾಗಲಿ ಮಕ್ಕಳಾಗಲಿ, ಪೂರ್ತಿ ಎಣಿಸಿ ಹೇಳಿದರೆ ದೃಷ್ಟಿ ತಾಗುತ್ತದೆಂದು ಒಂದನ್ನು ಬಿಟ್ಟು ಹೇಳುವುದು ರೂಢಿ. ನಾನೂ ಅಂಥ ಮನೆಯಲ್ಲೇ ಹುಟ್ಟಿದವನು. ನಾವು ಆರು ಮಕ್ಕಳಿದ್ದರೂ ನಮ್ಮವ್ವ ಐದು ಎನ್ನುತ್ತಿದ್ದಳು. ಹಾವಿನ ಕಾಲು ಹಾವಿಗೇ ಗೊತ್ತು. ಬೇರೆ ಮಾಸ್ತರರು ಮೋಸಹೋದಾರು, ನಾನಲ್ಲ ಎಂಬ ಜಂಬ ನನಗೆ.

ಓಣಿಯ ಕೊನೆಯ ಮನೆಯಲ್ಲಿ ಒಬ್ಬ ಹೆಣ್ಣುಮಗಳು ಜೋಳ ಕೇರುತ್ತಿದ್ದಳು. ಗಂಡ ಕುರಿಯ ಹಿಂದೆ ಹೋಗಿದ್ದ. ಮನೆಯಲ್ಲಿ ಎಷ್ಟು ಜನ ಎಂದು ಕೇಳಿದೆ.

“ನಾಕ ಮಂದಿರಿ. ನಾ, ನಮ್ಮ ಮನ್ಯಾವ್ರು, ಎರಡ ಹೆಣ್ಣ ಹುಡುಗ್ಯಾರು.”

ಒಳಗೆ ತೊಲೆಗೆ ತೊಟ್ಟಿಲು ಕಟ್ಟಿತ್ತು. ನಾನು ನಕ್ಕೆ. “ನನ್ನ ಮುಂದನೂ ಮುಚ್ಚತಿ ಏನ ತಂಗಿ? ತೊಟ್ಟಲದಾಗ ಇರಾಂವ ಯಾರು?”

ಅವಳ ಕೈಯ ಮೊರ ನಿಂತಿತು. ಒಂದು ಗಂಡುಹುಡುಗನ ಹೆಸರು ಹೇಳಿದಳು. ವಯಸ್ಸು ಕೇಳಿದ್ದಕ್ಕೆ ಹತ್ತು ತಿಂಗಳು ಎಂದಳು. ನಾನು ಐದು ಎಂದು ಬರೆದುಕೊಂಡು, ಗೆದ್ದವನ ಹಾಗೆ ಎದ್ದು ಬಂದೆ.

ಎಣಿಕೆ ಮುಗಿದ ಮೇಲೆ ಇನ್ನೊಂದು ಸುತ್ತು ಇರುತ್ತದೆ. ಈ ನಡುವೆ ಯಾರಾದರೂ ಹುಟ್ಟಿದರೇ, ಸತ್ತರೇ ಎಂದು ಕೇಳಿ ತಿದ್ದಬೇಕು. ಅದೇ ಬಾಗಿಲಲ್ಲಿ ನಿಂತು ಕೇಳಿದೆ. ತೊಟ್ಟಿಲು ಬಿಚ್ಚಿದ್ದರು.

“ನೀವ್ ಬಂದು ಹೋದ ಮ್ಯಾಲ ಯಾರೂ ಸತ್ತಿಲ್ರಿ. ಕೂಸು ಅದಕ್ಕ ಎಂಟ ದಿನ ಮೊದ್ಲೇ ಹೋಗಿತ್ತು. ತೊಟ್ಟಲ ಬಿಚ್ಚಾಕ ನನಗ ಮನಸಾಗಿರ್ಲಿಲ್ಲ.”

ಅವತ್ತು ನಾನು ನಕ್ಕದ್ದು ನೆನಪಾಯಿತು. “ಅವತ್ತ ಯಾಕ ಹೇಳ್ಲಿಲ್ಲ ತಂಗಿ?”

“ಅಷ್ಟ ದಿನದಾಗ ಅವನ ಹೆಸರ ಕೇಳಿದವ್ರು ನೀವೊಬ್ರೇ ರಿ.”

ನಾನು ಫಾರಂ ಬಿಚ್ಚಿ ಪೆನ್ನು ತೆಗೆದೆ. ಅವಳಿಗೆ ಓದು ಬಾರದು, ಆದರೆ ಪೆನ್ನು ಯಾಕೆಂದು ತಿಳಿಯಿತು.

“ಇರ್ಲಿ ಬಿಡ್ರಿ ಮಾಸ್ತರ್. ಆ ಕಾಗದದಾಗರೆ ಇರ್ಲಿ.”

ಸಾಹೇಬರ ಮಾತು ತಲೆಯಲ್ಲಿತ್ತು. ತಪ್ಪು ಲೆಕ್ಕ ಕೊಟ್ಟವನು ಎನಿಸಿಕೊಳ್ಳುವ ಅಂಜಿಕೆಯೂ ಇತ್ತು. ಅವಳ ಕಣ್ಣೆದುರೇ ಹೆಸರಿನ ಮೇಲೆ ಗೀಟು ಎಳೆದು, ಐದನ್ನು ನಾಲ್ಕು ಮಾಡಿ, ಪಕ್ಕದಲ್ಲಿ ಸಹಿ ಹಾಕಿದೆ. ಅವಳು ಮತ್ತೆ ಮೊರ ಹಿಡಿದಳು.

ಎಷ್ಟೋ ವರ್ಷದ ಮೇಲೆ ನಾರಾಯಣಖೇಡದ ಒಂದು ಕಚೇರಿಯಲ್ಲಿ ಅಚ್ಚಾದ ಜನಗಣತಿಯ ಪುಸ್ತಕ ಕೈಗೆ ಸಿಕ್ಕಿತು. ಮನೆಗಳು, ಕುಟುಂಬಗಳು, ಗಂಡಸರು, ಹೆಂಗಸರು. ಆ ಹಳ್ಳಿಯ ಸಾಲು ಹುಡುಕಿ ಬೆರಳಿಟ್ಟೆ. ಲೆಕ್ಕ ಸರಿಯಾಗಿತ್ತು. ಅವಳು ಬೇಡಿದ್ದು ಒಂದೇ ಒಂದು ತಪ್ಪು, ಅದನ್ನು ನಾನು ಇರಗೊಡಲಿಲ್ಲ.