ನೀರಿನಡಿಯ ತಗ್ಗು

ಎಂಬತ್ತರ ದಶಕದ ಕೊನೆಯಲ್ಲಿ ನಾನು ಬಳ್ಳಾರಿಯ ಕಾಲೇಜೊಂದರಲ್ಲಿ ಭೌತಶಾಸ್ತ್ರ ಹೇಳುತ್ತಿದ್ದೆ. ಊರವರಿಗೆಲ್ಲ ಬುದ್ಧಿ ಹೇಳುವ ನನಗೆ, ನಾನು ಏನು ಓದಿದ್ದೇನೆಂದು ದೇಶನೂರಿನಲ್ಲಿ ಗದ್ದೆ ಮಾಡುತ್ತಿದ್ದ ಅಪ್ಪನಿಗೆ ಒಂದು ದಿನವೂ ತಿಳಿಸಲಾಗಿರಲಿಲ್ಲ. ಅದು ನನ್ನನ್ನು ಒಳಗೊಳಗೇ ಕೊರೆಯುತ್ತಿತ್ತು. ಕುರುಗೋಡಿನ ಹೈಸ್ಕೂಲಿನವರು ಆಕಾಶದ ಬಗ್ಗೆ ಮಾತಾಡಲು ಕರೆದಾಗ ಅಪ್ಪ, "ನಾನೂ ಬರ್ತೀನಿ. ಅದೇನು ಹೇಳ್ತಿ ಕೇಳೇಬಿಡ್ತೀನಿ" ಎಂದುಬಿಟ್ಟ.

ಹೇಳಬೇಕಾದದ್ದು ಕಪ್ಪು ದ್ರವ್ಯದ ವಿಷಯ. ಅದು ಕಣ್ಣಿಗೆ ಕಾಣದು, ಬೆಳಕಿನ ಗೊಡವೆಗೂ ಹೋಗದು. ತನ್ನ ತೂಕದಿಂದ ಎಳೆಯುವುದೊಂದೇ ಅದಕ್ಕೆ ಗೊತ್ತು. ಬ್ರಹ್ಮಾಂಡ ಎಳಸಾಗಿದ್ದಾಗ ಬೆಳಕು ಅನಿಲವನ್ನು ತಳ್ಳಾಡುತ್ತ ಒಂದು ಕಡೆ ಕೂಡಗೊಡುತ್ತಿರಲಿಲ್ಲ. ಅಷ್ಟರಲ್ಲಿ ಈ ಕಾಣದ ದ್ರವ್ಯ ಅಲ್ಲಲ್ಲಿ ಸದ್ದಿಲ್ಲದೆ ಒಟ್ಟಾಗಿತ್ತು. ಆಮೇಲೆ ಅನಿಲವೂ ಅಲ್ಲಿಗೇ ಸರಿದು ನಕ್ಷತ್ರಗಳು, ಗೆಲಾಕ್ಸಿಗಳು ಹುಟ್ಟಿದವು. ಇದನ್ನು ಅಪ್ಪನಿಗೆ ಹೇಗೆ ಹೇಳಲಿ?

ಭಾಷಣಕ್ಕೆ ಇನ್ನೂ ಹದಿನೈದು ದಿನವಿತ್ತು. ಊರಿಗೆ ಹೋದವನು ಭತ್ತದ ಸಸಿ ಮಡಿಯಲ್ಲಿ ಹಲಗೆ ಎಳೆದು ಕೆಸರು ಮಟ್ಟ ಮಾಡಿದೆ. ತಲೆಯೆಲ್ಲ ಭಾಷಣದಲ್ಲಿ. ನೀರು ಬಿಟ್ಟಾಗ ಮಡಿ ಕನ್ನಡಿಯಂತೆ ಕಂಡಿತು, ಮೊಳಕೆ ಬಂದ ಭತ್ತ ಚೆಲ್ಲಿಬಿಟ್ಟೆ. ವಾರ ಬಿಟ್ಟು ಬಂದು ನೋಡಿದರೆ ಇಲ್ಲಿ ಹಿಡಿಗಟ್ಟಲೆ ಸಸಿ, ಅಲ್ಲಿ ಬೋಳು.

"ಏನ್ಲೇ ಮಾಸ್ತರಾ, ನೀರು ನೋಡಿ ಮೋಸ ಹೋದ್ಯಾ?" ಅಪ್ಪ ರೇಗಿದ. "ಕೆಳಗ ತಗ್ಗು ಹಂಗ ಬಿಟ್ಟೀದಿ. ಮೊಳಕಿ ಎಲ್ಲಾ ಜಾರಿ ಅಲ್ಲೇ ಕುಂತಾವ ನೋಡು."

ಬದುವಿನ ಮೇಲೆ ನಿಂತಲ್ಲೇ ನನಗೆ ಭಾಷಣದ ಕಪ್ಪು ದ್ರವ್ಯ ಹೊಳೆಯಿತು. ತಗ್ಗು ನನ್ನ ಕಣ್ಣಿಗೆ ಬಿದ್ದೇ ಇರಲಿಲ್ಲ. ಅದೆಲ್ಲಿದೆಯೆಂದು ಈಗ ಸಸಿಗಳೇ ತೋರಿಸುತ್ತಿದ್ದವು. ಸೂರ್ಯ, ಆಕಾಶಗಂಗೆ, ಬೈಯುತ್ತಿದ್ದ ಅಪ್ಪ, ಬೈಸಿಕೊಂಡ ನಾನು, ಎಲ್ಲರೂ ಇಂಥದೇ ಕಾಣದ ತಗ್ಗೊಂದರಲ್ಲಿ ಹುಟ್ಟಿದವರು! ನಾಚಿಕೆ ಮರೆತು ಅಪ್ಪನ ಕೈ ಹಿಡಿದು ಎಲ್ಲವನ್ನೂ ಅಲ್ಲೇ ಹೇಳಿದೆ.

ಅಪ್ಪ ಮಡಿಯಿಂದ ಕಣ್ಣೆತ್ತಿ ಆಕಾಶ ನೋಡಿದ. "ಅಲ್ಲೋ ತಮ್ಮಾ, ಮ್ಯಾಲ ಎಲ್ಲಾ ಮಟ್ಟ ಇದ್ದಿದ್ರ?"

"ಏನೂ ಹುಟ್ಟತಿದ್ದಿಲ್ಲಪ್ಪಾ. ಚುಕ್ಕಿ ಇಲ್ಲ, ಭೂಮಿ ಇಲ್ಲ, ನಾವೂ ಇಲ್ಲ."

ಅಪ್ಪನ ಕಣ್ಣು ತುಂಬಿದ್ದನ್ನು ನಾನು ಕಂಡದ್ದು ಅದೇ ಮೊದಲು. ಕೆಸರುಗೈಯನ್ನು ನನ್ನ ಹೆಗಲ ಮೇಲಿಟ್ಟು ಹೇಳಿದ:

"ಹಂಗಾದ್ರ ಅಲ್ಲಿ ತಗ್ಗೆಲ್ಲಾ ಮಟ್ಟ ಮಾಡೋ ನನ್ನಂಥಾ ರೈತ ಒಬ್ಬ ಇದ್ದಿದ್ರ, ನೀ ನನಗ ಸಿಗ್ತಿದ್ದೇನೋ?"