ಚೀಲದೊಳಗಿದ್ದದ್ದು ಬೆಳವವೋ ಪಾರಿವಾಳವೋ

ಕಾನೂನಿನ ಮುಂದೆ ಸಕಲ ಜೀವಿಗಳೂ ಸಮಾನ ಎಂಬುದು ಹಿರಿಯರು ಒಪ್ಪಿದ ಸತ್ಯ. ಪಾರಿವಾಳ, ಬೆಳವಗಳನ್ನು ಬಿಟ್ಟು. ಆಗಿನ ವನ್ಯಜೀವಿ ಕಾಯ್ದೆ ಬೆಳವವೂ ಸೇರಿದ ಪಾರಿವಾಳದ ಕುಲಕ್ಕೆಲ್ಲ ರಕ್ಷಣೆ ಕೊಟ್ಟು, ಕಟ್ಟಡಗಳ ಮೇಲೆ ಕೂರುವ ನೀಲಿ ಪಾರಿವಾಳವೊಂದನ್ನು ಮಾತ್ರ ಹೊರಗಿಟ್ಟಿತ್ತು. ಹೀಗಾಗಿ ಬೆಳವ ಹಿಡಿದವನು ಅಪರಾಧಿ; ಪಾರಿವಾಳ ಹಿಡಿದವನು ಸಾರು ಮಾಡಲು ಹೊರಟವನು, ಅಷ್ಟೇ.

೨೦೦೪ರಲ್ಲಿ ನಾನು ಬೈರಮಂಗಲದ ಕಡೆಯ ಪಶು ಆಸ್ಪತ್ರೆಯಲ್ಲಿ ವೈದ್ಯಾಧಿಕಾರಿ. ಬಿಡದಿಯ ಸುತ್ತ ಕಾರ್ಖಾನೆಗಳು ಏಳುತ್ತಿದ್ದ ಕಾಲ. ರಾಗಿ ಒಕ್ಕಣೆಯ ದಿನಗಳಲ್ಲಿ ಒಂದು ಬೆಳಿಗ್ಗೆ ಅರಣ್ಯ ರಕ್ಷಕರೊಬ್ಬರು ಒಂದು ಗೋಣಿಚೀಲವನ್ನೂ ಅದರ ಹಿಂದೆ ಹನುಮಂತಯ್ಯ ಎಂಬ ರೈತನನ್ನೂ ಕರೆತಂದರು. ಕಣದಲ್ಲಿ ಬಲೆ ಹಾಕಿ ಆರು ಹಕ್ಕಿ ಹಿಡಿದಿದ್ದನಂತೆ.

"ಬೆಳವ ಅಂತ ಒಂದ್ ಸರ್ಟಿಫಿಕೇಟ್ ಕೊಟ್ಬುಡಿ ಸಾ. ಜೀಪು ಕಾಯ್ತಾ ಐತೆ," ಎಂದರು ರಕ್ಷಕರು.

"ಚೀಲ ಬಿಚ್ಚಿ."

"ಬಿಚ್ಚೋದೇನ್ ಸಾ? ಬಂಡೆ ಮೇಲಿರೋದು ಪಾರಿವಾಳ, ಹೊಲ್ದಲ್ಲಿ ಮೇಯೋದು ಬೆಳವ. ಇವನ್ನೇ ಕೇಳಿ. ಏನ್ಲಾ, ಬೆಳವ ತಾನೆ?"

"ಊಂ ಸಾ, ಬೆಳವನೇಯ," ಎಂದ ಹನುಮಂತಯ್ಯ. "ಕಣದಲ್ಲಿ ರಾಗಿ ತಿಂತಾ ಇದ್ದೊ. ಈಗ ನಾನ್ ಒಳಿಕ್ಕೋದ್ರೆ ಮಿಕ್ಕಿದ್ನೂ ತಿಂತವೆ. ಒಕ್ಕೋಕೆ ಮನೇಲಿ ಇನ್ಯಾರೂ ಇಲ್ಲ."

ತನ್ನ ವಿರುದ್ಧ ತಾನೇ ಇಷ್ಟು ಶ್ರದ್ಧೆಯಿಂದ ಸಾಕ್ಷಿ ಹೇಳಿದ ಆರೋಪಿಯನ್ನು ನಾನು ಮತ್ತೆ ಕಂಡಿಲ್ಲ. ಆ ಸೀಮೆಯಲ್ಲಿ ಹಕ್ಕಿಯ ಜಾತಿ ತೀರ್ಮಾನವಾಗುತ್ತಿದ್ದುದು ಅದು ಎಲ್ಲಿ ಮೇಯುತ್ತದೆ ಎಂಬುದರ ಮೇಲೆ. ಕಾರ್ಖಾನೆ ಶೆಡ್ಡುಗಳ ಕಬ್ಬಿಣದ ತೊಲೆಗಳನ್ನೇ ಬಂಡೆಯೆಂದು ಬಗೆದು ಸಂಸಾರ ಹೂಡಿದ ಪಾರಿವಾಳಗಳು ಊಟಕ್ಕೆ ಕಣಕ್ಕೆ ಇಳಿಯುತ್ತವೆಂಬುದು ಯಾರ ತಲೆಗೂ ಹೊಳೆದಿರಲಿಲ್ಲ.

ಹೊರಗೆ ಜೀಪು ಹಾರ್ನ್ ಹೊಡೆಯಿತು. ಚೀಲ ಬಿಚ್ಚದೆ ಸಹಿ ಇಲ್ಲ ಎಂದು ನಾನು ಪೆನ್ನನ್ನು ಜೇಬಿಗೆ ಸಿಕ್ಕಿಸಿಕೊಂಡೆ. ಮತ್ತೆ ಹಾರ್ನ್. ಪೆನ್ನು ಜೇಬಿನಲ್ಲೇ ಇತ್ತು. ಕೊನೆಗೆ ರಕ್ಷಕರು ಚೀಲ ಬಿಚ್ಚಿದರು.

ಐದರ ವಿಷಯದಲ್ಲಿ ತಕರಾರಿಲ್ಲ: ಕತ್ತಿಗೆ ಹಸಿರು–ನೇರಳೆ ಹೊಳಪು, ರೆಕ್ಕೆಗೆ ಎರಡೆರಡು ಕಪ್ಪು ಪಟ್ಟಿ. ಆರನೆಯದು ಸಣ್ಣದು, ಮಂಕು ಬಣ್ಣದ್ದು.

"ನೋಡಿ ಸಾ, ಇದ್ರ ಕತ್ತಲ್ಲಿ ಹೊಳಪೇ ಇಲ್ಲ! ಒಂದಾದ್ರೂ ಕೇಸು ಕೇಸೇ," ಎಂದರು ರಕ್ಷಕರು.

ಮಾತು ಸರಿಯೇ, ಹನುಮಂತಯ್ಯನನ್ನು ಜೀಪು ಹತ್ತಿಸಲು ಒಂದು ಬೆಳವ ಸಾಕಿತ್ತು. ಬೆಳೆದ ಚುಕ್ಕೆ ಬೆಳವಕ್ಕೆ ಕತ್ತಿನ ಹಿಂದೆ ಕಪ್ಪಿನ ಮೇಲೆ ಬಿಳಿ ಚುಕ್ಕೆಗಳಿರುತ್ತವೆ. ಎಳೆಯದಕ್ಕೆ ಇರುವುದಿಲ್ಲ. ಎಳೆಯ ಪಾರಿವಾಳಕ್ಕೂ ಹೊಳಪು ಬಂದಿರುವುದಿಲ್ಲ. ಕತ್ತನ್ನು ನಂಬುವಂತಿಲ್ಲವೆಂದು ಬಾಲ ಬಿಡಿಸಿದೆ. ಗಿಡ್ಡ ಬಾಲ, ತುದಿಗೆ ಕಪ್ಪು ಪಟ್ಟಿ: ಪಾರಿವಾಳದ್ದು. ಬೆಳವದ ಬಾಲ ಉದ್ದ, ಅಂಚಿನ ಗರಿಗಳ ತುದಿ ಬಿಳಿ.

ರಕ್ಷಕರಿಗೆ ನಂಬಿಕೆ ಬರಲಿಲ್ಲ. ಅಷ್ಟರಲ್ಲಿ ಅಂಗಳದ ಹುಲ್ಲಿನ ಬಳಿ ಅಸಲಿ ಬೆಳವವೊಂದು ಸಮನ್ಸ್ ಇಲ್ಲದೆ ಹಾಜರಾಗಿ ನೆಲ ಕುಕ್ಕತೊಡಗಿತು. ಅವರನ್ನು ಬಾಗಿಲಿಗೆ ಕರೆದು ಚಪ್ಪಾಳೆ ತಟ್ಟಿದೆ. ಅದು ಬಾಲ ಬಿಚ್ಚಿ, ಬಿಳಿ ಅಂಚು ತೋರಿಸಿ ಹಾರಿತು. ಅವರು ಆ ಬಾಲ ನೋಡಿದರು, ನನ್ನ ಕೈಯಲ್ಲಿದ್ದ ಬಾಲ ನೋಡಿದರು.

"ಥೂ! ಹಂಗಾದ್ರೆ ಇದು ಬೆಳವ ಅಲ್ವೇ ಅಲ್ಲ ಕಣ್ಲಾ."

"ಪಾರಿವಾಳಕ್ಕೆ ನನ್ ಕಣದಲ್ಲೇನು ಕೆಲ್ಸ?" ಎಂದು ಹನುಮಂತಯ್ಯ ಸಿಟ್ಟಾದ.

ಎಲ್ಲರೂ ಒಪ್ಪಿದ್ದರೂ, ಆರೋಪಿಯೇ ಒಪ್ಪಿದ್ದರೂ, ಕಣ್ಣಾರೆ ನೋಡದ ಹಕ್ಕಿಗೆ ಹೆಸರು ಬರೆಯಬಾರದೆಂದು ಕೆಲಸ ಕಲಿಸಿತು. ಆರೂ ನೀಲಿ ಪಾರಿವಾಳಗಳೆಂದು ಬರೆದು ಸಹಿ ಹಾಕಿದೆ. ಪ್ರಕರಣ ದಾಖಲಾಗಲಿಲ್ಲ. ಹನುಮಂತಯ್ಯ ಮಧ್ಯಾಹ್ನದ ಬಸ್ಸಿಗೆ ಊರಿಗೆ ಹೋಗಿ ರಾಗಿ ಒಕ್ಕಿದ.